ಕಿಬಲ್ ಬಿಡಿಸಿ ನಾಯಿಯನ್ನು ಮನೆಯಡುಗೆಗೆ ಒಗ್ಗಿಸುವುದು ಹೇಗೆ

ನಾಯಿಯ ಹೊಟ್ಟೆಯನ್ನು ಕಿಬಲ್‌ನಿಂದ (ಪ್ಯಾಕೆಟ್‌ನಲ್ಲಿ ಬರುವ, ಒಣ ಕಾಳಿನಂಥ ನಾಯಿ ಆಹಾರ) ಮನೆಯಡುಗೆಗೆ ಒಗ್ಗಿಸಲು ಸಾಮಾನ್ಯವಾಗಿ ಹತ್ತು ದಿನ ಸಾಕು. ಆದರೆ ಅದೇ ಅಡುಗೆ ತಿಂದು ಅದರ ಮೂಳೆ, ಚರ್ಮ, ಹೃದಯ ವರ್ಷಗಟ್ಟಲೆ ಗಟ್ಟಿಯಾಗಿರಬೇಕಾದರೆ ಲೆಕ್ಕ ಬೇಕು. ಬರೀ ಕೋಳಿ ಮತ್ತು ಅನ್ನ ಹಾಕಿದರೂ ನಾಯಿ ಬಟ್ಟಲು ನೆಕ್ಕಿ ಖಾಲಿ ಮಾಡುತ್ತದೆ, ಮೊದಲ ಕೆಲವು ತಿಂಗಳು ಲವಲವಿಕೆಯಿಂದಲೂ ಇರುತ್ತದೆ. ಮೋಸ ಆಗುವುದು ಇಲ್ಲೇ. ಮೂಳೆಯಿಲ್ಲದ ಕೋಳಿ ಮಾಂಸದಲ್ಲಿ ಕ್ಯಾಲ್ಸಿಯಂಗಿಂತ ರಂಜಕ ಹತ್ತು ಪಟ್ಟಿಗೂ ಹೆಚ್ಚಿರುತ್ತದೆ. ಊಟದಲ್ಲಿ ಸಿಗದ ಕ್ಯಾಲ್ಸಿಯಂ ಅನ್ನು ದೇಹ ತನ್ನ ಮೂಳೆಯಿಂದಲೇ ಕಿತ್ತು ರಕ್ತಕ್ಕೆ ಕೊಡುತ್ತಾ ಹೋಗುತ್ತದೆ. ಹಾಗಾಗಿ ರಕ್ತಪರೀಕ್ಷೆಯಲ್ಲಿ ಕ್ಯಾಲ್ಸಿಯಂ ಸರಿಯಾಗಿಯೇ ಕಾಣುತ್ತದೆ. ಕೊರತೆ ಬಯಲಾಗುವ ಹೊತ್ತಿಗೆ ದವಡೆ ಮೆತ್ತಗಾಗಿರುತ್ತದೆ, ಇಲ್ಲವೇ ಸೋಫಾದಿಂದ ಹಾರಿದ ಮರಿಯ ಕಾಲು ಮುರಿದಿರುತ್ತದೆ.

ಪುಸ್ತಕಗಳಲ್ಲೂ ಇಂಟರ್‌ನೆಟ್‌ನಲ್ಲೂ ಸಿಕ್ಕ 200 ರೆಸಿಪಿಗಳನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನ ಪಶುವೈದ್ಯರು 2013ರಲ್ಲಿ ಪರಿಶೀಲಿಸಿದರು. ಶೇಕಡಾ 95ರಷ್ಟು ರೆಸಿಪಿಗಳಲ್ಲಿ ಕನಿಷ್ಠ ಒಂದು ಅಗತ್ಯ ಪೋಷಕಾಂಶವಾದರೂ ಕಡಿಮೆಯಿತ್ತು. ಆದ್ದರಿಂದ ಮೊದಲು ರೆಸಿಪಿ ಗಟ್ಟಿ ಮಾಡಿಕೊಳ್ಳಿ, ಬದಲಾವಣೆ ಆಮೇಲೆ. ಇಲ್ಲಿಯ ಹೆಜ್ಜೆಗಳೂ ಅದೇ ಕ್ರಮದಲ್ಲಿವೆ.

ಯಾವ ನಾಯಿಗೆ ಈಗ ಬೇಡ

ಒಂದು ವರ್ಷ ದಾಟಿದ, ಆರೋಗ್ಯವಾಗಿರುವ ನಾಯಿಗೆ ಈ ಲೇಖನ ಹೊಂದುತ್ತದೆ. ಬೆಳೆಯುವ ಮರಿಗೆ, ಅದರಲ್ಲೂ ದೊಡ್ಡ ತಳಿಯ ಮರಿಗೆ, ಇಲ್ಲಿಯ ಅಳತೆಗಳನ್ನು ಬಳಸಬೇಡಿ. ಕ್ಯಾಲ್ಸಿಯಂ ಹೆಚ್ಚಾದರೆ ಅದನ್ನು ಕರುಳಲ್ಲೇ ತಡೆದು ಹೊರಹಾಕುವ ಶಕ್ತಿ ಎಳೆಯ ಮರಿಗೆ ಇರುವುದಿಲ್ಲ. ಕಡಿಮೆಯಾದರೂ ಹೆಚ್ಚಾದರೂ ಮೂಳೆ ವಕ್ರವಾಗುತ್ತದೆ. ಗಬ್ಬದ ನಾಯಿ, ಹಾಲೂಡಿಸುವ ನಾಯಿ, ಕಿಡ್ನಿ ಅಥವಾ ಲಿವರ್ ತೊಂದರೆ, ಸಕ್ಕರೆ ಕಾಯಿಲೆ, ಮೂತ್ರದಲ್ಲಿ ಕಲ್ಲು, ಹಿಂದೆ ಮೇದೋಜ್ಜೀರಕ ಗ್ರಂಥಿಯ ಉರಿಯೂತ ಆಗಿದ್ದ ನಾಯಿ ಇವಕ್ಕೂ ಬೇರೆಯದೇ ರೆಸಿಪಿ ಬೇಕು. ಪಶುವೈದ್ಯರು ಕಾಯಿಲೆಗೆಂದೇ ಬರೆದುಕೊಟ್ಟ ಕಿಬಲ್ ತಿನ್ನುತ್ತಿದ್ದರೆ ಅವರನ್ನು ಕೇಳದೆ ಒಂದು ಹಿಡಿಯನ್ನೂ ಬದಲಿಸಬೇಡಿ.

ಉಳಿದವರೂ ಶುರು ಮಾಡುವ ಮುನ್ನ ಒಮ್ಮೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ, ನಾಯಿಯ ತೂಕ ಬರೆದಿಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಆಧಾರ ಬೇಕಲ್ಲ.

ಹೆಜ್ಜೆ 1: ದಿನಕ್ಕೆ ಎಷ್ಟು ಕ್ಯಾಲರಿ

ಈಗಿನ ಕಿಬಲ್‌ನಲ್ಲಿ ನಾಯಿಯ ತೂಕ ಏರದೆ ಇಳಿಯದೆ ನಿಂತಿದ್ದರೆ ಉತ್ತರ ನಿಮ್ಮ ಕೈಯಲ್ಲೇ ಇದೆ. ಪ್ಯಾಕೆಟ್ ಮೇಲೆ 100 ಗ್ರಾಂಗೆ ಎಷ್ಟು ಕಿಲೋಕ್ಯಾಲರಿ ಎಂದು ನೋಡಿ (ಬಹುತೇಕ 350ರಿಂದ 400ರೊಳಗೆ ಇರುತ್ತದೆ), ದಿನಕ್ಕೆ ಹಾಕುವ ಗ್ರಾಂನಿಂದ ಲೆಕ್ಕ ಹಾಕಿ. ಬಿಸ್ಕೆಟ್, ತಿಂಡಿ ತುಣುಕುಗಳನ್ನೂ ಸೇರಿಸಿ. ಯಾವ ಸೂತ್ರಕ್ಕಿಂತಲೂ ಈ ಸಂಖ್ಯೆ ನಿಮ್ಮ ನಾಯಿಗೆ ಹೆಚ್ಚು ಸರಿ.

ಅದು ಗೊತ್ತಿಲ್ಲದಿದ್ದರೆ ಪಶುವೈದ್ಯರು ಬಳಸುವ ಸೂತ್ರವನ್ನು ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲೇ ಮಾಡಬಹುದು. ನಾಯಿ 10 ಕೆಜಿ ಇದೆ ಎಂದುಕೊಳ್ಳಿ. 10 × 10 × 10 = 1000. ಅದಕ್ಕೆ ವರ್ಗಮೂಲದ ಗುಂಡಿಯನ್ನು ಎರಡು ಸಲ ಒತ್ತಿ: ಮೊದಲು 31.6, ಆಮೇಲೆ 5.62. ಅದನ್ನು 70ರಿಂದ ಗುಣಿಸಿದರೆ 394. ಇದು ಸುಮ್ಮನೆ ಮಲಗಿರುವ ನಾಯಿಗೆ ಬೇಕಾದ ಕಿಲೋಕ್ಯಾಲರಿ. ಸಂತಾನಹರಣ ಶಸ್ತ್ರಚಿಕಿತ್ಸೆಯಾದ ವಯಸ್ಕ ನಾಯಿಗೆ ಇದನ್ನು 1.6ರಿಂದ, ಆಗದಿದ್ದರೆ 1.8ರಿಂದ, ಓಡಾಟ ಕಡಿಮೆಯಿದ್ದು ಬೊಜ್ಜು ಬರುವ ನಾಯಿಗೆ 1.2ರಿಂದ 1.4ರವರೆಗೆ ಗುಣಿಸಿ. ನಮ್ಮ ಉದಾಹರಣೆಯ ನಾಯಿಗೆ 394 × 1.6, ಅಂದರೆ ಸುಮಾರು 630.

ತೂಕ ಎರಡು ಪಟ್ಟಾದರೆ ಊಟ ಎರಡು ಪಟ್ಟಾಗುವುದಿಲ್ಲ ಎಂಬುದನ್ನು ಗಮನಿಸಿ. ಇದೇ ಲೆಕ್ಕದಲ್ಲಿ 5 ಕೆಜಿ ನಾಯಿಗೆ ಸುಮಾರು 375, 20 ಕೆಜಿಗೆ 1060, 30 ಕೆಜಿಗೆ 1435 ಬರುತ್ತದೆ. ಕೆಳಗಿನ ರೆಸಿಪಿಯನ್ನು ಇವಕ್ಕೆ ಕ್ರಮವಾಗಿ 0.6, 1.7, 2.3ರಿಂದ ಗುಣಿಸಿಕೊಳ್ಳಿ.

ಹೆಜ್ಜೆ 2: ಬಟ್ಟಲಿಗೆ ಏನೇನು

10 ಕೆಜಿಯ ನಾಯಿಗೆ ಒಂದು ದಿನದ ಅಡುಗೆ. ತೂಕವೆಲ್ಲ ಬೇಯಿಸುವ ಮುಂಚಿನದು:

- ಮೂಳೆ, ಚರ್ಮ ತೆಗೆದ ಕೋಳಿ ತೊಡೆ ಮಾಂಸ: 260 ಗ್ರಾಂ
- ಬಿಳಿ ಅಕ್ಕಿ: 60 ಗ್ರಾಂ
- ಕೋಳಿ ಲಿವರ್: 15 ಗ್ರಾಂ
- ಸಿಹಿಗುಂಬಳ, ಕ್ಯಾರೆಟ್ ಅಥವಾ ಬೀನ್ಸ್: 60 ಗ್ರಾಂ
- ಸೂರ್ಯಕಾಂತಿ ಎಣ್ಣೆ: 1 ಟೀ ಚಮಚ
- ಮೀನೆಣ್ಣೆ: 1000 ಮಿಲಿಗ್ರಾಂನ 1 ಕ್ಯಾಪ್ಸೂಲ್
- ಮೊಟ್ಟೆ ಚಿಪ್ಪಿನ ನುಣುಪು ಪುಡಿ: 2 ಗ್ರಾಂ
- ಮನೆಯಡುಗೆಯನ್ನು ಪೂರ್ಣಗೊಳಿಸಲೆಂದೇ ತಯಾರಿಸಿದ, ನಾಯಿಗಳ ವಿಟಮಿನ್–ಖನಿಜ ಮಿಶ್ರಣ: ಲೇಬಲ್‌ನಲ್ಲಿರುವಷ್ಟು

ಒಟ್ಟು ಸುಮಾರು 625 ಕಿಲೋಕ್ಯಾಲರಿ. ಬೆಂದ ಮೇಲೆ ರಸ ಸೇರಿ ಹೆಚ್ಚುಕಡಿಮೆ 520 ಗ್ರಾಂ ತೂಗುತ್ತದೆ.

ಕೊನೆಯ ಸಾಲನ್ನು ಬಿಟ್ಟರೆ ಇದು ಅರೆಬರೆ ಊಟ. ಮಾಂಸ, ಅಕ್ಕಿ, ತರಕಾರಿ ಎಷ್ಟೇ ಚೆನ್ನಾಗಿದ್ದರೂ ಸತು, ಮ್ಯಾಂಗನೀಸ್, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಸಾಲುವುದಿಲ್ಲ. ಬಿಸಿಲಿಗೆ ಮೈಯೊಡ್ಡಿ ಮಲಗಿದರೆ ವಿಟಮಿನ್ ಡಿ ಸಿಗುತ್ತದೆ ಎಂಬ ಮಾತು ಮನುಷ್ಯರಿಗೆ ಸರಿ, ನಾಯಿಗಲ್ಲ. ಅದರ ಚರ್ಮ ಸಾಕಷ್ಟು ತಯಾರಿಸಲಾರದು, ಊಟದಲ್ಲೇ ಬರಬೇಕು. ಸತು ಕಡಿಮೆಯಾದರೆ ಕಣ್ಣಂಚು, ಬಾಯಿಯಂಚು, ಪಾದದ ಮೆತ್ತೆಗಳ ಮೇಲೆ ಹಕ್ಕಳೆ ಕಟ್ಟುತ್ತದೆ.

ಮಿಶ್ರಣ ಕೊಳ್ಳುವಾಗ ಎರಡು ವಿಷಯ ನೋಡಿ. "ಇಷ್ಟು ಗ್ರಾಂ ಮಾಂಸ, ಇಷ್ಟು ಧಾನ್ಯಕ್ಕೆ ಇಷ್ಟು ಪುಡಿ" ಎಂದು ರೆಸಿಪಿ ಸಮೇತ ಹೇಳಿರಬೇಕು. ದಿನಕ್ಕೊಂದು ಮಾತ್ರೆ ಎನ್ನುವ ಸಾಮಾನ್ಯ ಟಾನಿಕ್‌ಗಳು ಸಂಪೂರ್ಣ ಆಹಾರ ತಿನ್ನುವ ನಾಯಿಗೆ ಮೇಲಿಂದ ಕೊಡುವಂಥವು, ಈ ಖಾಲಿ ಜಾಗವನ್ನು ತುಂಬಲಾರವು. ಎರಡನೆಯದು, ಅದರಲ್ಲಿ ಕ್ಯಾಲ್ಸಿಯಂ ಈಗಾಗಲೇ ಪೂರ್ತಿ ಇದೆಯೇ? ಇದ್ದರೆ ಚಿಪ್ಪಿನ ಪುಡಿ ಬೇಡ. ಎರಡನ್ನೂ ಹಾಕುವುದು ತುಂಬ ಸಾಮಾನ್ಯವಾದ ತಪ್ಪು. ಮಲ ಸುಣ್ಣದಂತೆ ಬಿಳಿಚಿ ಗಟ್ಟಿಯಾಗುತ್ತದೆ, ಸತು ಹೀರಿಕೊಳ್ಳುವುದಕ್ಕೂ ಅಡ್ಡಿಯಾಗುತ್ತದೆ. ಮಿಶ್ರಣದ ಕಂಪನಿ ತನ್ನದೇ ರೆಸಿಪಿ ಕೊಟ್ಟಿದ್ದರೆ ಇಲ್ಲಿಯದನ್ನು ಬಿಟ್ಟು ಅದನ್ನೇ ಅನುಸರಿಸಿ. ಮನುಷ್ಯರ ವಿಟಮಿನ್ ಮಾತ್ರೆ ಬೇಡವೇ ಬೇಡ. ವಿಟಮಿನ್ ಡಿ ಮಿತಿ ಮೀರಬಹುದು, ಜಗಿಯುವ ಮಾತ್ರೆಗಳಲ್ಲಿ ನಾಯಿಗೆ ವಿಷವಾದ ಝೈಲಿಟಾಲ್ ಎಂಬ ಸಿಹಿಕಾರಕ ಇರಬಹುದು.

ಪದಾರ್ಥ ಬದಲಿಸುವಾಗಲೂ ಹುಷಾರು. ಲಿವರ್ ಎಲ್ಲ ಪ್ರಾಣಿಯದೂ ಒಂದೇ ಅಲ್ಲ: ದನದ ಲಿವರ್‌ನಲ್ಲಿ ತಾಮ್ರ ಕೋಳಿಯದಕ್ಕಿಂತ ಹತ್ತಾರು ಪಟ್ಟು ಹೆಚ್ಚು. ಲ್ಯಾಬ್ರಡಾರ್, ಡೋಬರ್‌ಮನ್, ಬೆಡ್ಲಿಂಗ್ಟನ್ ಟೆರಿಯರ್ ತಳಿಗಳಲ್ಲಿ ತಾಮ್ರ ಲಿವರ್‌ನಲ್ಲೇ ಕೂತು ರೋಗ ತರುವುದುಂಟು. ಯಾವ ಲಿವರ್ ಆದರೂ ಒಟ್ಟು ಊಟದ ಶೇಕಡಾ 5 ದಾಟಬಾರದು, ವಿಟಮಿನ್ ಎ ಹೆಚ್ಚಾಗಿ ಮೂಳೆ, ಕೀಲುಗಳಿಗೆ ತೊಂದರೆ. ಇದೇ ಕಾರಣಕ್ಕೆ ಮೀನೆಣ್ಣೆಯ ಬದಲು ಕಾಡ್ ಲಿವರ್ ಎಣ್ಣೆ ತರಬೇಡಿ, ಅದರಲ್ಲಿ ವಿಟಮಿನ್ ಎ ಮತ್ತು ಡಿ ತುಂಬಿರುತ್ತವೆ. ಸೂರ್ಯಕಾಂತಿ ಎಣ್ಣೆಯನ್ನು ಹಾಕುವುದು ಲಿನೋಲಿಕ್ ಆಮ್ಲಕ್ಕಾಗಿ. ಆ ಜಾಗಕ್ಕೆ ಕೊಬ್ಬರಿ ಎಣ್ಣೆ ಹಾಕಿದರೆ ಕ್ಯಾಲರಿ ಸಿಗುತ್ತದೆಯೇ ಹೊರತು ಚರ್ಮಕ್ಕೆ ಬೇಕಾದ ಈ ಆಮ್ಲ ಹೆಸರಿಗಷ್ಟೇ ಇರುತ್ತದೆ.

ಅನ್ನ ನಾಯಿಗೆ ಒಗ್ಗುವುದಿಲ್ಲ, ಅದು ತೋಳದ ಕುಲ ಎಂಬ ವಾದ ಆಗಾಗ ಕೇಳಿಬರುತ್ತದೆ. ಪಿಷ್ಟ ಕರಗಿಸುವ ಅಮೈಲೇಸ್ ಕಿಣ್ವದ ಜೀನ್ ತೋಳದಲ್ಲಿ 2 ಪ್ರತಿ ಇದ್ದರೆ ಬಹುತೇಕ ನಾಯಿಗಳಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚು ಪ್ರತಿಗಳಿವೆ ಎಂದು 2013ರಲ್ಲೇ ಗೊತ್ತಾಗಿದೆ. ಚೆನ್ನಾಗಿ ಬೆಂದ ಅನ್ನ ನಾಯಿಗೆ ಸಲೀಸಾಗಿ ಜೀರ್ಣವಾಗುತ್ತದೆ. ಅರೆಬೆಂದದ್ದು ಮಾತ್ರ ಹೊಟ್ಟೆಯಲ್ಲಿ ಗ್ಯಾಸ್ ತುಂಬಿಸುತ್ತದೆ.

ಹೆಜ್ಜೆ 3: ಚಿಪ್ಪಿನ ಪುಡಿ ಮತ್ತು ಅಡುಗೆ

ಮೊಟ್ಟೆ ಚಿಪ್ಪುಗಳನ್ನು ತೊಳೆದು 10 ನಿಮಿಷ ಕುದಿಸಿ, ಪೂರ್ತಿ ಒಣಗಿಸಿ, ಮಿಕ್ಸಿಯ ಸಣ್ಣ ಜಾರಿನಲ್ಲಿ ಹಿಟ್ಟಿನಷ್ಟು ನುಣ್ಣಗೆ ಪುಡಿ ಮಾಡಿ. ಎರಡು ಬೆರಳ ನಡುವೆ ಉಜ್ಜಿ ನೋಡಿ: ಮರಳು ತಾಕಿದಂತಾದರೆ ಇನ್ನೂ ಅರೆಯಬೇಕು, ತರಿತರಿ ಚೂರುಗಳು ಕರಗದೆ ಹಾಗೇ ಹೊರಹೋಗುತ್ತವೆ. 1 ಗ್ರಾಂ ಪುಡಿಯಲ್ಲಿ ಸುಮಾರು 380 ಮಿಲಿಗ್ರಾಂ ಕ್ಯಾಲ್ಸಿಯಂ ಇರುತ್ತದೆ. ವಯಸ್ಕ ನಾಯಿಗೆ 1000 ಕಿಲೋಕ್ಯಾಲರಿಗೆ ಕನಿಷ್ಠ 1.25 ಗ್ರಾಂ ಕ್ಯಾಲ್ಸಿಯಂ ಬೇಕು, ರಂಜಕಕ್ಕಿಂತ ಕಡಿಮೆಯಾಗಬಾರದು, ಎರಡು ಪಟ್ಟು ಮೀರಬಾರದು. 2 ಗ್ರಾಂ ಪುಡಿಯಿಂದ ಮೇಲಿನ ಬಟ್ಟಲಲ್ಲಿ ಕ್ಯಾಲ್ಸಿಯಂ ರಂಜಕದ ಸುಮಾರು 1.3 ಪಟ್ಟಾಗುತ್ತದೆ. ಚಮಚದ ಅಳತೆ ನಂಬಬೇಡಿ, ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. 0.1 ಗ್ರಾಂ ತೋರಿಸುವ ಚಿಕ್ಕ ಡಿಜಿಟಲ್ ತಕ್ಕಡಿ ಇಲ್ಲಿ ನಿಜಕ್ಕೂ ಬೇಕು.

ಅಕ್ಕಿಯನ್ನು ನಾಲ್ಕು ಪಟ್ಟು ನೀರಿನಲ್ಲಿ ಮೆತ್ತಗೆ ಬೇಯಿಸಿ. ಮಾಂಸವನ್ನು ಸಣ್ಣಗೆ ಹೆಚ್ಚಿ, ಮುಳುಗುವಷ್ಟೇ ನೀರಿನಲ್ಲಿ ಒಳಭಾಗದ ಬಿಸಿ 74 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ಕುದಿಸಿ. ಲಿವರ್ ಅನ್ನು ಕೊನೆಯ ಐದಾರು ನಿಮಿಷಕ್ಕೆ ಹಾಕಿದರೆ ಸಾಕು. ಬೆಂದ ನೀರನ್ನು ಚೆಲ್ಲಬೇಡಿ, ಬಿ ವಿಟಮಿನ್‌ಗಳೂ ಖನಿಜಗಳೂ ಅದರಲ್ಲಿ ಇಳಿದಿರುತ್ತವೆ. ತರಕಾರಿ ಬೇಯಿಸಿ ಮಸೆಯಿರಿ, ಇಲ್ಲದಿದ್ದರೆ ಕ್ಯಾರೆಟ್ ಚೂರುಗಳು ಹೋದ ಹಾಗೇ ಹೊರಬರುತ್ತವೆ. ಉಪ್ಪು, ಒಗ್ಗರಣೆ, ಮಸಾಲೆ ಯಾವುದೂ ಬೇಡ. ಈರುಳ್ಳಿ, ಬೆಳ್ಳುಳ್ಳಿ ಹಾಕಿ ಕುದಿಸಿದ ಸಾರಿನ ರಸವೂ ಬೇಡ. ಹಸಿಯಾದರೂ ಬೆಂದರೂ ಪುಡಿಯಾದರೂ ಅವು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ದಿನಾ ಸ್ವಲ್ಪ ಸ್ವಲ್ಪ ಹೋದರೂ ಪರಿಣಾಮ ಕೂಡುತ್ತಾ ಹೋಗುತ್ತದೆ. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್, ಮೆಕಡೇಮಿಯಾ ಬೀಜ, ಮದ್ಯ, ಹುದುಗು ಬರುತ್ತಿರುವ ಹಸಿ ಬ್ರೆಡ್ ಹಿಟ್ಟು ಇವೂ ಬಟ್ಟಲ ಹತ್ತಿರ ಸುಳಿಯಬಾರದು. ಬೆಂದ ಮೂಳೆಯಂತೂ ಚೂಪಾಗಿ ಸೀಳಿ ಕರುಳು ತೂತು ಮಾಡುತ್ತದೆ, ಮಾಂಸ ಹೆಚ್ಚುವಾಗ ಕೈಯಿಂದ ತಡವಿ ಚಿಕ್ಕ ಮೂಳೆ ಉಳಿದಿಲ್ಲವೆಂದು ಖಚಿತ ಮಾಡಿಕೊಳ್ಳಿ.

ಒಂದು ವಾರಕ್ಕೆ ಒಟ್ಟಿಗೆ ಮಾಡುವುದಾದರೆ 3 ದಿನದ್ದನ್ನು 4 ಡಿಗ್ರಿಯ ಫ್ರಿಜ್‌ನಲ್ಲಿ, ಉಳಿದದ್ದನ್ನು ದಿನಕ್ಕೊಂದು ಡಬ್ಬಿಯಂತೆ ಫ್ರೀಜರ್‌ನಲ್ಲಿ ಇಡಿ. ಮಿಶ್ರಣದ ಪುಡಿ, ಮೀನೆಣ್ಣೆಗಳನ್ನು ಬಡಿಸುವಾಗ, ಊಟ ಉಗುರುಬೆಚ್ಚಗಾದ ಮೇಲೆ ಬೆರೆಸಬೇಕು. ಕುದಿಯುವ ಪಾತ್ರೆಗೆ ಹಾಕಿದರೆ ವಿಟಮಿನ್‌ಗಳು ಹಾಳಾಗುತ್ತವೆ. ಮೈಕ್ರೋವೇವ್‌ನಲ್ಲಿ ಬಿಸಿ ಮಾಡಿದರೆ ಚೆನ್ನಾಗಿ ಕಲಸಿ ಬೆರಳಿಟ್ಟು ನೋಡಿ, ಮೇಲೆ ತಣ್ಣಗಿದ್ದು ನಡುವೆ ಸುಡುತ್ತಿರಬಹುದು.

ಹೆಜ್ಜೆ 4: ಬದಲಾಯಿಸುವ ಹತ್ತು ದಿನ

ಕಿಬಲ್‌ನಲ್ಲಿ ನೀರಿನಂಶ ಶೇಕಡಾ 10ರಷ್ಟು, ಮನೆಯಡುಗೆಯಲ್ಲಿ 70ರ ಆಸುಪಾಸು. ಆದ್ದರಿಂದ "ಒಂದು ಕಪ್ ತೆಗೆದು ಒಂದು ಕಪ್ ಹಾಕು" ಎಂದರೆ ನಾಯಿ ಅರೆಹೊಟ್ಟೆ ಉಳಿಯುತ್ತದೆ. 100 ಗ್ರಾಂಗೆ 370 ಕಿಲೋಕ್ಯಾಲರಿಯ ಕಿಬಲ್ ದಿನಕ್ಕೆ 170 ಗ್ರಾಂ ತಿನ್ನುತ್ತಿದ್ದ 10 ಕೆಜಿ ನಾಯಿಗೆ ಕ್ಯಾಲರಿ ಪ್ರಕಾರ ಹೀಗೆ ಬರುತ್ತದೆ:

- 1–3ನೇ ದಿನ: ಕಿಬಲ್ 128 ಗ್ರಾಂ, ಮನೆಯಡುಗೆ 130 ಗ್ರಾಂ
- 4–6ನೇ ದಿನ: ಕಿಬಲ್ 85 ಗ್ರಾಂ, ಮನೆಯಡುಗೆ 260 ಗ್ರಾಂ
- 7–9ನೇ ದಿನ: ಕಿಬಲ್ 43 ಗ್ರಾಂ, ಮನೆಯಡುಗೆ 390 ಗ್ರಾಂ
- 10ನೇ ದಿನದಿಂದ: ಮನೆಯಡುಗೆ ಪೂರ್ತಿ 520 ಗ್ರಾಂ

ದಿನದ ಪಾಲನ್ನು ಎರಡು ಹೊತ್ತಿಗೆ ಹಂಚಿ. ಮೊದಲ ಹಂತದಲ್ಲಿ ಕೋಳಿ, ಅನ್ನ, ತರಕಾರಿ ಮಾತ್ರ ಇರಲಿ. ಎರಡನೇ ಹಂತಕ್ಕೆ ಲಿವರ್ ಮತ್ತು ಖನಿಜ ಮಿಶ್ರಣ, ಮೂರನೆಯದಕ್ಕೆ ಎಣ್ಣೆಗಳು. ಎಲ್ಲ ಒಟ್ಟಿಗೆ ಹಾಕಿದರೆ ಭೇದಿ ಶುರುವಾದಾಗ ಯಾವುದರಿಂದ ಎಂದು ಹೇಳಲಾಗದು. ನನ್ನ ಅಂದಾಜಿನಲ್ಲಿ ಮೊದಲು ಅನುಮಾನಿಸಬೇಕಾದ್ದು ಕೊಬ್ಬನ್ನು: ಕೋಳಿಯ ಚರ್ಮ ತೆಗೆದಿರದಿದ್ದರೆ, ಎಣ್ಣೆ ಕೈತಪ್ಪಿ ಹೆಚ್ಚು ಬಿದ್ದಿದ್ದರೆ ಮಲ ಜಿಡ್ಡಾಗಿ ಸಡಿಲವಾಗುತ್ತದೆ.

ಕಿಬಲ್ ಮತ್ತು ಮನೆಯಡುಗೆ ಬೇರೆ ಬೇರೆ ವೇಗದಲ್ಲಿ ಜೀರ್ಣವಾಗುತ್ತವೆ, ಒಂದೇ ಬಟ್ಟಲಲ್ಲಿ ಬೆರೆಸಬಾರದು ಎಂಬ ಎಚ್ಚರಿಕೆಗೆ ಆಧಾರವಿಲ್ಲ. ಧಾರಾಳವಾಗಿ ಬೆರೆಸಿ. ಬೆರೆಸಿದರೇ ಚೂರು ಆರಿಸಿ ತಿನ್ನುವ ಚಾಳಿ ಕಡಿಮೆ.

ಮಲವೇ ನಿಮ್ಮ ಅಳತೆಗೋಲು. ಆಕಾರ ಹಿಡಿದು, ಎತ್ತಿದಾಗ ನೆಲಕ್ಕೆ ಅಂಟದೆ ಬಂದರೆ ಮುಂದಿನ ಹಂತಕ್ಕೆ ಹೋಗಿ. ಮೆತ್ತಗಾಗಿದ್ದರೆ ಅದೇ ಹಂತದಲ್ಲಿ ಇನ್ನೆರಡು ದಿನ ನಿಲ್ಲಿ. ನೀರಾಗಿದ್ದರೆ ಒಂದು ಹಂತ ಹಿಂದಕ್ಕೆ. ಸೂಕ್ಷ್ಮ ಹೊಟ್ಟೆಯ ನಾಯಿಗೆ ಮೂರು ವಾರ ಹಿಡಿದರೂ ಚಿಂತೆಯಿಲ್ಲ. ಆದರೆ ಪದೇ ಪದೇ ವಾಂತಿ, ಮಲದಲ್ಲಿ ರಕ್ತ, ಮಂಕು, ಅಥವಾ ಮುಂಗಾಲು ನೆಲಕ್ಕೆ ಚಾಚಿ ಹಿಂಭಾಗ ಎತ್ತಿ ನಿಲ್ಲುವ ಭಂಗಿ ಕಂಡರೆ ಕಾಯಬೇಡಿ. ಆ ಭಂಗಿ ಹೊಟ್ಟೆನೋವಿನದು, ಮೇದೋಜ್ಜೀರಕ ಗ್ರಂಥಿಯ ಉರಿಯೂತದಲ್ಲಿ ಹೀಗೆ ನಿಲ್ಲುವುದುಂಟು. ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ.

ಈ ಮಧ್ಯೆ ನಾಯಿ ನೀರು ಕುಡಿಯುವುದು ಗಮನಕ್ಕೆ ಬರುವಷ್ಟು ಕಡಿಮೆಯಾಗುತ್ತದೆ. ಊಟದಲ್ಲೇ ನೀರಿರುವುದರಿಂದ ಇದು ಸಹಜ. ಬಟ್ಟಲು ತುಂಬಿಟ್ಟಿದ್ದರೆ ಸಾಕು.

ಹಸಿ ಆಹಾರದ ವಿಚಾರ

ಮನೆಯಲ್ಲಿ ಎಳೆ ಮಗು, ಗರ್ಭಿಣಿ, ವಯಸ್ಸಾದವರು, ಕೀಮೋಥೆರಪಿ ಪಡೆಯುತ್ತಿರುವವರು ಇದ್ದರೆ ಹಸಿ ಮಾಂಸದ ಯೋಚನೆಯನ್ನು ಇಲ್ಲಿಗೇ ಬಿಡಿ. ಸಾಲ್ಮೊನೆಲ್ಲಾ ಇರುವ ಮಾಂಸ ತಿಂದ ನಾಯಿ ತಾನು ಚೆನ್ನಾಗಿದ್ದುಕೊಂಡೇ ಮಲದಲ್ಲಿ ಆ ಬ್ಯಾಕ್ಟೀರಿಯಾ ಹೊರಹಾಕುತ್ತಿರುತ್ತದೆ, ಮುಖ ನೆಕ್ಕಿ ಮನೆಯವರಿಗೂ ದಾಟಿಸಬಲ್ಲದು. ಫ್ರೀಜ್ ಮಾಡಿದರೆ ಬ್ಯಾಕ್ಟೀರಿಯಾ ಸಾಯುವುದಿಲ್ಲ, ನಿದ್ದೆ ಹೋಗುತ್ತವೆ ಅಷ್ಟೆ. ಮೀನಿನಲ್ಲಿರುವ ಪರಾವಲಂಬಿ ಹುಳುಗಳನ್ನು ಕೊಲ್ಲಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಬೇಕು. ಹಸಿ ಹಂದಿ ಮಾಂಸವಂತೂ ಯಾವ ಕಾರಣಕ್ಕೂ ಬೇಡ. ಅವುಜೆಸ್ಕಿ ಎಂಬ ವೈರಸ್ ರೋಗ ಹಂದಿಯಿಂದ ನಾಯಿಗೆ ಬಂದರೆ ಉಳಿಯುವುದಿಲ್ಲ.

ಇಷ್ಟಾದರೂ ಪೋಷಣೆಯಲ್ಲಿ ಹಸಿ ಊಟ ಬೆಂದದ್ದಕ್ಕಿಂತ ಮೇಲು ಎಂದು ತೋರುವ ಗಟ್ಟಿ ಪುರಾವೆ ಇಲ್ಲ. ಹೀಗಾಗಿ ಮೊದಲ ಸಲ ಕಿಬಲ್ ಬಿಡಿಸುವವರಿಗೆ ಬೇಯಿಸಿದ್ದೇ ಸರಿ ಎಂದು ಖಚಿತವಾಗಿ ಹೇಳುತ್ತೇನೆ.

ಹಸಿಯನ್ನೇ ಆಯ್ದುಕೊಂಡವರು ಕೇಳಿರುವ 80:10:10 (ಮಾಂಸ, ಮೂಳೆ, ಅಂಗಾಂಗ) ಸೂತ್ರವೂ ಸಂಪೂರ್ಣವಲ್ಲ. ಮೂಳೆಯಿಂದ ಕ್ಯಾಲ್ಸಿಯಂ ಸಿಗುತ್ತದೆ, ಆದರೆ ಮ್ಯಾಂಗನೀಸ್, ವಿಟಮಿನ್ ಇ, ಅಯೋಡಿನ್ ಕೊರತೆ ಹಾಗೇ ಉಳಿಯುತ್ತದೆ. ದೊಡ್ಡ ಪ್ರಾಣಿಗಳ ಕತ್ತಿನ ಭಾಗ, ಗಂಟಲಿನ ಚೂರುಗಳನ್ನು ತಪ್ಪಿಸಿ: ಅದಕ್ಕಂಟಿದ ಥೈರಾಯ್ಡ್ ಗ್ರಂಥಿ ತಿಂದ ನಾಯಿಗಳಲ್ಲಿ ಥೈರಾಯ್ಡ್ ಹಾರ್ಮೋನ್ ಏರಿ, ಊಟ ತಿಂದರೂ ತೂಕ ಇಳಿಯುತ್ತದೆ. ಗಟ್ಟಿ ಕಾಲುಮೂಳೆ ಹಲ್ಲು ಸೀಳುತ್ತದೆ. ಹಸಿ ಮೊಟ್ಟೆಯ ಬಿಳಿಭಾಗ ದಿನಾ ಕೊಟ್ಟರೆ ಬಯೋಟಿನ್ ಸಿಗದಂತೆ ತಡೆಯುತ್ತದೆ. ಮಾಂಸವನ್ನು ಫ್ರಿಜ್‌ನೊಳಗೇ ಕರಗಿಸಿ, ನಲ್ಲಿ ಕೆಳಗೆ ತೊಳೆಯಬೇಡಿ, ಸಿಡಿದ ಹನಿಗಳಿಂದ ಸಿಂಕ್ ಸುತ್ತ ಬ್ಯಾಕ್ಟೀರಿಯಾ ಹರಡುತ್ತದೆ. ಬೇರೆ ಚಾಕು, ಬೇರೆ ಹಲಗೆ, ಸ್ಟೀಲ್ ಬಟ್ಟಲು ಬಳಸಿ. 20 ನಿಮಿಷದಲ್ಲಿ ತಿನ್ನದ್ದನ್ನು ಎಸೆಯಿರಿ.

ಆಮೇಲಿನ ತಿಂಗಳುಗಳು

ಮೊದಲ ಎರಡು ತಿಂಗಳು ವಾರಕ್ಕೊಮ್ಮೆ ತೂಕ ನೋಡಿ. ಪಕ್ಕೆಲುಬು ಮುಟ್ಟಿದಾಗ, ನಿಮ್ಮ ಕೈಯನ್ನು ಚಪ್ಪಟೆಯಾಗಿಟ್ಟು ಅದರ ಹಿಂಬದಿ ಸವರಿದಾಗ ಸಿಗುವ ಎಲುಬಿನಂತೆ ಸಿಗಬೇಕು. ಒತ್ತಿ ಹುಡುಕಬೇಕಾದರೆ ಊಟ ಹೆಚ್ಚಾಗಿದೆ, ಮುಷ್ಟಿಯ ಗೆಣ್ಣಿನಂತೆ ಎದ್ದಿದ್ದರೆ ಕಡಿಮೆ. ಆಗ ಇಡೀ ರೆಸಿಪಿಯನ್ನು ಶೇಕಡಾ 10ರಷ್ಟು ಇಳಿಸಿ ಅಥವಾ ಏರಿಸಿ. ಅನ್ನವೊಂದನ್ನೇ ಕಡಿಮೆ ಮಾಡುವುದು, ಮಾಂಸವೊಂದನ್ನೇ ಹೆಚ್ಚಿಸುವುದು ಬೇಡ. ತಿಂಡಿ ತುಣುಕುಗಳು ದಿನದ ಕ್ಯಾಲರಿಯ ಹತ್ತನೇ ಒಂದು ಭಾಗ ಮೀರಬಾರದು.

ಹೆಚ್ಚಿನ ಮನೆಗಳಲ್ಲಿ ರೆಸಿಪಿ ಕೆಡುವುದು ಮೆಲ್ಲಮೆಲ್ಲಗೆ. ಒಂದು ವಾರ ಮಿಶ್ರಣದ ಪುಡಿ ಮುಗಿದಿರುತ್ತದೆ, ನಾಯಿಗೇನೂ ಆಗಲಿಲ್ಲವೆಂದು ಅದು ಮರಳಿ ಬರುವುದೇ ಇಲ್ಲ. ತಕ್ಕಡಿ ಒಳಗೆ ಸೇರುತ್ತದೆ, ಕಣ್ಣಳತೆ ಶುರುವಾಗುತ್ತದೆ. ರೆಸಿಪಿಯನ್ನು ಗ್ರಾಂ ಸಮೇತ ಫ್ರಿಜ್ ಬಾಗಿಲಿಗೆ ಅಂಟಿಸಿ, ತಿಂಗಳಿಗೊಮ್ಮೆ ನೀವು ಹಾಕುತ್ತಿರುವುದನ್ನು ತೂಗಿ ಅದರೊಂದಿಗೆ ತಾಳೆ ನೋಡಿ. ವಾರಕ್ಕೊಂದು ಹೊಸ ಮಾಂಸ ಬದಲಿಸಿದರೆ ಪೋಷಣೆ ತಾನಾಗಿ ಸರಿದೂಗುತ್ತದೆ ಎಂಬುದೂ ಭ್ರಮೆ. ಯಾವ ಮಾಂಸದಲ್ಲೂ ಇಲ್ಲದ ಕ್ಯಾಲ್ಸಿಯಂ ನಾಲ್ಕು ಬಗೆಯ ಮಾಂಸದಿಂದ ಬರುವುದಿಲ್ಲ.

ಹಲ್ಲಿನ ವಿಷಯ: ಮೆತ್ತನೆಯ ಊಟ ಹಲ್ಲನ್ನು ಉಜ್ಜುವುದಿಲ್ಲ, ಸಾಮಾನ್ಯ ಕಿಬಲ್ ಕೂಡ ಅಷ್ಟೇನೂ ಉಜ್ಜುತ್ತಿರಲಿಲ್ಲ. ನಾಯಿಗಳ ಪೇಸ್ಟ್‌ನಿಂದ ಸಾಧ್ಯವಾದರೆ ದಿನಾ ಬ್ರಷ್ ಮಾಡಿ.

ಮೂರು ತಿಂಗಳಿಗೆ ಮತ್ತೆ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಮೊದಲಿನದರೊಂದಿಗೆ ಹೋಲಿಸಿ, ಆಮೇಲೆ ಆರು ತಿಂಗಳಿಗೊಮ್ಮೆ. ಪರೀಕ್ಷೆಗೆ ಹೋಗುವಾಗ ಗ್ರಾಂ ಬರೆದ ಆ ರೆಸಿಪಿ ಚೀಟಿ ಮತ್ತು ಮಿಶ್ರಣದ ಡಬ್ಬಿ ಎರಡನ್ನೂ ಪಶುವೈದ್ಯರಿಗೆ ತೋರಿಸಿ. ರಕ್ತದ ವರದಿಯಲ್ಲಿ ಕಾಣದ ಕೊರತೆ ಚೀಟಿಯಲ್ಲಿ ಕಾಣುತ್ತದೆ.